ಲೈಟರ್ ಉರಿಯಲ್ಲ, ಹೊಟ್ಟೆ ಉರಿಯುತ್ತೆ

ಸಿಗಾರ್ ಹಚ್ಚೋಕೆ ಅಂತ ಈ ವರ್ಷ ಕೊಂಡ ಮೂರನೇ ಟಾರ್ಚ್ ಲೈಟರ್ (ರಭಸದ ನೀಲಿ ಜ್ವಾಲೆ ಉಗುಳುವಂಥದ್ದು) ಇದು. ಕ್ರಾಫರ್ಡ್ ಮಾರ್ಕೆಟ್ ಹತ್ತಿರ ಕೊಂಡೆ. ಅಂಗಡಿಯಲ್ಲಿ ಭುಸ್ಸಂತ ನೀಲಿ ಬೆಂಕಿ ಬಂತು. ಮಾಟುಂಗದ ಮನೆಗೆ ಬಂದರೆ ಬರೀ ಟಿಕ್ ಟಿಕ್. ಕಿಡಿ ಹಾರುತ್ತದೆ, ಹತ್ತಲ್ಲ! ತಲೆಕೆಳಗೆ ಹಿಡಿದು ಒಳಗಿನ ಗಾಳಿಯನ್ನೆಲ್ಲ ಹೊರಬಿಟ್ಟೆ, ಹೊಸದಾಗಿ ಬ್ಯೂಟೇನ್ ಗ್ಯಾಸ್ ತುಂಬಿದೆ, ಐದು ನಿಮಿಷ ಕಾದೆ. ಊಹೂಂ. ಅಗ್ಗದ ಗ್ಯಾಸಿನ ಕಸ ಗ್ಯಾಸ್ ಹೊರಬರುವ ಆ ಸೂಜಿಮೊನೆಯಂಥ ತೂತಿಗೆ ಕಟ್ಟಿಕೊಂಡರೆ ಮುಗೀತು. (ಅಂಗಡಿಯವನು ಕೇಳಿದರೆ ಮುಂಬೈ ಮಳೆಯನ್ನೇ ಬೈಯುತ್ತಾನೆ.) ಬೆಂಕಿಕಡ್ಡಿ ಇದೆಯಲ್ಲ ಅಂತೀರಾ? ಈ ಮಳೆಗಾಲದಲ್ಲಿ ಬಾಲ್ಕನಿಗೆ ಬಂದು ಗೀರಿ ನೋಡಿ. ಸಿಗಾರಿನ ತುದಿ ಸಮನಾಗಿ ಹತ್ತದಿದ್ದರೆ ಒಂದೇ ಪಕ್ಕ ಉರಿಯುತ್ತಾ ಹೋಗುತ್ತದೆ, ಅಷ್ಟೂ ದುಡ್ಡು ದಂಡ. ನಿನ್ನೆ ಅಡುಗೆಮನೆಯ ಒಲೆಗೇ ಬಗ್ಗಿದೆ. ಸಿಗಾರ್ ಹತ್ತಿತು, ಜೊತೆಗೆ ಅರ್ಧ ಹುಬ್ಬೂ ಹೋಯಿತು.