ಆ ಒಂದು ಮಾತನ್ನು ಮೊದಲೇ ಹೇಳಬಹುದಿತ್ತಲ್ವಾ?

ಮೈನ್‌ಕ್ರಾಫ್ಟ್ ಅನ್ನುವ ಕಂಪ್ಯೂಟರ್ ಆಟದ ಒಂದು ಸರ್ವರ್ (ಗೆಳೆಯರೆಲ್ಲ ಬಂದು ಸೇರಿ ಆಡುವ ಜಾಗ) ಹಿಂದೆ ನನ್ನ ನಾಲ್ಕು ಸಂಜೆ ಹೋಯಿತು. ಹೋದದ್ದಕ್ಕೆ ಬೇಜಾರಿಲ್ಲ, ಇಂಥ ಕೆಲಸ ನನಗೆ ಇಷ್ಟ ಅಂತ ನಿಮಗೆಲ್ಲ ಗೊತ್ತು. ಸಿಟ್ಟು ಬಂದಿರುವುದು ಇಂಟರ್ನೆಟ್ ಕಂಪನಿಯವರು ಒಂದು ಮಾತು ಹೇಳದೆ ಇದ್ದದ್ದಕ್ಕೆ.

ಅಕ್ಕನ ಮಗ ರಜೆಗೆ ಶಿವಮೊಗ್ಗಕ್ಕೆ ಬಂದಿದ್ದಾನೆ. ಮೂಲೆಯಲ್ಲಿ ಧೂಳು ಹಿಡಿದಿದ್ದ ನನ್ನ ಹಳೆ ಕಂಪ್ಯೂಟರಿಗೆ ಜಾವಾ ಎಡಿಷನ್ ಸರ್ವರ್ ತಾನೇ ಹಾಕಿಕೊಂಡ. ಮನೆಯೊಳಗೆ ಚೆನ್ನಾಗಿ ಓಡುತ್ತದೆ. ಹುಬ್ಬಳ್ಳಿಯ ಗೆಳೆಯರು ಸೇರಲು ಹೋದರೆ ಮಾತ್ರ ‘ಕನೆಕ್ಷನ್ ಟೈಮ್ಡ್ ಔಟ್’.

ಹೊರಗಿನಿಂದ ಬಂದವರನ್ನು ಆ ಕಂಪ್ಯೂಟರಿಗೆ ಕಳಿಸುವ ಹಾಗೆ ರೂಟರಿನಲ್ಲಿ ಆಟದ 25565 ಪೋರ್ಟ್ ಫಾರ್ವರ್ಡ್ ಆಗಿತ್ತು, ಟಿಸಿಪಿ ಅಂತಲೇ ಇತ್ತು. ಮನೆಯೊಳಗೆ ಕಂಪ್ಯೂಟರಿಗಿರುವ ಐಪಿ (ನೆಟ್‌ವರ್ಕಿನ ವಿಳಾಸ) ಬದಲಾಗದ ಹಾಗೆ ಕಟ್ಟಿಹಾಕಿದೆ. ವಿಂಡೋಸ್ ಫೈರ್‌ವಾಲ್ ಎರಡು ಸಲ ನೋಡಿದೆ. ‘ಕನೆಕ್ಷನ್ ರೆಫ್ಯೂಸ್ಡ್’ ಅಂತ ಬಂದಿದ್ದರೆ ಮನೆ ಬಾಗಿಲ ತನಕ ಬಂದು ವಾಪಸ್ ಹೋಗುತ್ತಿದ್ದಾರೆ ಅನ್ನಬಹುದಿತ್ತು. ಇದು ಟೈಮ್ಡ್ ಔಟ್. ಉತ್ತರವೇ ಇಲ್ಲ. ಹುಡುಗ ಏನೋ ಸೆಟ್ಟಿಂಗ್ ಕೆಡಿಸಿದ್ದಾನೆ ಅಂದುಕೊಂಡು ಶನಿವಾರ ಅವನಿಗೆ ಜೋರಾಗಿ ಬೈದುಬಿಟ್ಟೆ. ಅದು ಇನ್ನೂ ಮನಸ್ಸಿನಲ್ಲಿ ಕೊರೀತಿದೆ.

ಇಂಟರ್ನೆಟ್ ಕಂಪನಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ‘ರೂಟರ್ ಆಫ್ ಮಾಡಿ ಆನ್ ಮಾಡಿ ಸಾರ್’. ಆಮೇಲೆ ದೂರು ಬಗೆಹರಿದಿದೆ ಅಂತ ಮೆಸೇಜು.

ಕೊನೆಗೆ ರೂಟರಿನ ಸ್ಟೇಟಸ್ ಪುಟ ತೆಗೆದು ನೋಡಿದೆ. ವ್ಯಾನ್ ಐಪಿ, ಅಂದರೆ ಕಂಪನಿ ನನ್ನ ರೂಟರಿಗೆ ಕೊಟ್ಟ ವಿಳಾಸ, 100.72 ಅಂತ ಶುರುವಾಗುತ್ತಿತ್ತು. ಹೊರಗಿನ ವೆಬ್‌ಸೈಟ್ ತೋರಿಸಿದ ಐಪಿ ಬೇರೆಯೇ. ಅಲ್ಲಿಗೆ ಗೊತ್ತಾಯಿತು, ಸಿಜಿನ್ಯಾಟ್! ಅಂದರೆ ಹೊರಗಿನ ಒಂದೇ ಐಪಿಯನ್ನು ಕಂಪನಿ ಹಲವು ಮನೆಗಳಿಗೆ ಹಂಚುವುದು. 100.64ರಿಂದ 100.127ರ ತನಕದ ವಿಳಾಸಗಳನ್ನು 2012ರಲ್ಲಿ ಇದಕ್ಕೆಂದೇ ತೆಗೆದಿಟ್ಟಿದ್ದಾರೆ. ದೊಡ್ಡ ವಠಾರಕ್ಕೆಲ್ಲ ಒಂದೇ ಡೋರ್ ನಂಬರ್ ಇದ್ದ ಹಾಗೆ. ಒಳಗಿನವರು ಹೊರಗೆ ಹೋಗಿ ಬರಬಹುದು. ಹೊರಗಿನಿಂದ ಹೊಸಬರು ಬಂದರೆ ಯಾರ ಮನೆಗೆ ಅಂತ ಗೇಟಿನಲ್ಲಿ ಗೊತ್ತಾಗುವುದಿಲ್ಲ. ನನ್ನ ರೂಟರಿನಲ್ಲಿ ನೂರು ಸಲ ಪೋರ್ಟ್ ತೆರೆದರೂ ಆ ಗೇಟು ತೆರೆಯುವುದಿಲ್ಲ, ಅದು ಕಂಪನಿಯವರ ಕೈಯಲ್ಲಿದೆ.

ಇಷ್ಟನ್ನು ಮೊದಲ ಫೋನಿನಲ್ಲೇ ಹೇಳಿದ್ದರೆ?

ಹಳೆ ಮಾದರಿಯ ಐಪಿವಿ4 ವಿಳಾಸವೇ ಉಳಿದಿಲ್ಲ, ಪಾಪ ಅವರೇನು ಮಾಡುತ್ತಾರೆ ಅಂತ ಒಬ್ಬ ಗೆಳೆಯ ಅಂದ. ನಿಜ. ಇರುವುದೇ ಸುಮಾರು 429 ಕೋಟಿ, ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿಯಿತು. ಆದರೆ ವಿಳಾಸ ಹಂಚಿಕೊಂಡದ್ದಕ್ಕೆ ನಾನು ಜಗಳ ತೆಗೆದಿಲ್ಲ. ಹೇಳದೆ ಇದ್ದದ್ದಕ್ಕೆ ತೆಗೆದಿದ್ದೇನೆ. ಒಂದು ಮನೆಗೇ ಮೀಸಲಾದ ಸ್ಟಾಟಿಕ್ ಐಪಿಗೆ ಇಷ್ಟು ದುಡ್ಡು ಅನ್ನಲಿ, ಬೇಕಾದವರು ಕೊಡುತ್ತಾರೆ. ಹೊಸ ಮಾದರಿಯ ಐಪಿವಿ6 ವಿಳಾಸಗಳಿಗೆ ಈ ಬರ ಇಲ್ಲವೇ ಇಲ್ಲ, ನನ್ನ ಲೈನಿಗೆ ಅದನ್ನೂ ಕೊಟ್ಟಿಲ್ಲ. ಕನೆಕ್ಷನ್ ಕೊಡುವ ದಿನ ಸ್ಪೀಡು, ಓಟಿಟಿ ಎಲ್ಲ ಹೇಳುತ್ತಾರೆ, ಈ ಒಂದು ಸಾಲು ಯಾಕೆ ಹೇಳುವುದಿಲ್ಲ?

ಸದ್ಯಕ್ಕೆ ಎಲ್ಲರ ಕಂಪ್ಯೂಟರಿಗೂ ಟೈಲ್‌ಸ್ಕೇಲ್ ಹಾಕಿಸಿದೆ, ದೂರದ ಕಂಪ್ಯೂಟರುಗಳನ್ನು ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸುವ ಸಾಫ್ಟ್‌ವೇರ್ ಅದು. ಅದೂ 100ರಿಂದ ಶುರುವಾಗುವ ವಿಳಾಸವನ್ನೇ ಕೊಡುತ್ತದೆ, ಎರಡನ್ನೂ ಕಲಸಿಕೊಳ್ಳಬೇಡಿ. ನಿನ್ನೆ ರಾತ್ರಿ ಒಂಬತ್ತಕ್ಕೆ ಹುಬ್ಬಳ್ಳಿಯ ಹುಡುಗ ಒಳಗೆ ಬಂದ ಅನ್ನುವ ಹಳದಿ ಸಾಲು ಚಾಟಿನಲ್ಲಿ ಮೂಡಿತು. ‘ಮಾಮ, ಬಂದ! ಬಂದ!’ ಅಂತ ಇವನು ಕುರ್ಚಿ ಮೇಲೆ ನಿಂತುಬಿಟ್ಟ. ಶನಿವಾರ ಬೈದದ್ದಕ್ಕೆ ಆಗಲೇ ಅವನ ಹತ್ತಿರ ಸಾರಿ ಕೇಳಿದೆ.

ವಿನೋಬನಗರದ ಕಡೆ ಪಬ್ಲಿಕ್ ಐಪಿ, ಇಲ್ಲವೇ ಐಪಿವಿ6 ಕೊಡುವ ಕನೆಕ್ಷನ್ ಯಾರಿಗಾದರೂ ಇದ್ದರೆ ಕೆಳಗೆ ಬರೆಯಿರಿ. ಈ ತಿಂಗಳು ಮುಗಿದ ಮೇಲೆ ಬದಲಾಯಿಸುತ್ತೇನೆ.