ಎರಡೂವರೆ ಇಂಚು

ಬೆಳಗ್ಗೆ ಎಂಟೂವರೆ ಆಯಿತೆಂದರೆ ನಮ್ಮ ಯಜಮಾನರು ಕೊಡೆ ಬಿಡಿಸಿಕೊಂಡು ಕಣದ ಮೂಲೆಯ ಮಳೆಮಾಪಕದ ಹತ್ತಿರ ಹೊರಡುತ್ತಾರೆ. ಅದರ ನೀರನ್ನು ಗಾಜಿನ ಅಳತೆಪಾತ್ರೆಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಡಾಕ್ಟರು ಎಕ್ಸ್‌ರೇ ನೋಡಿದ ಹಾಗೆ ನೋಡಿ, ಒಳಗೆ ಬಂದು ಡೈರಿಯಲ್ಲಿ ಬರೆಯುತ್ತಾರೆ. ಆಮೇಲೆ ಫೋನು. ಮಡಿಕೇರಿ ಸೀಮೆಯಲ್ಲಿ ಮೂರು ಎಕರೆ ಕಾಫಿ ಇದ್ದವರಿಂದ ಹಿಡಿದು ಮುನ್ನೂರು ಎಕರೆ ಇದ್ದವರವರೆಗೆ ಆ ಹೊತ್ತಿಗೆ ಎಲ್ಲರೂ ಕೇಳುವುದು ಒಂದೇ: "ನಿಮ್ಮಲ್ಲಿ ಎಷ್ಟು ಬಂತು?" ಸರ್ಕಾರ ಮಿಲಿಮೀಟರಿನಲ್ಲಿ ಹೇಳಲಿ, ರೇಡಿಯೋ ಸೆಂಟಿಮೀಟರಿನಲ್ಲಿ ಹೇಳಲಿ, ಕೊಡಗಿನ ಬೆಳೆಗಾರರ ಮಳೆ ಇನ್ನೂ ಇಂಚಿನಲ್ಲೇ ಬೀಳುತ್ತದೆ. ಇಂಚಿಗೆ ನೂರು ಸೆಂಟ್ಸ್. "ಎರಡು ಇಂಚು ನಲವತ್ತು ಸೆಂಟ್ಸ್" ಎಂದು ಹೇಳುವಾಗಿನ ಇವರ ಗತ್ತು ನೋಡಬೇಕು, ಮಳೆಯನ್ನು ಇವರೇ ತರಿಸಿಕೊಟ್ಟ ಹಾಗೆ. ಆಚೆ ಕಡೆಯವರಿಗೆ ಹತ್ತು ಸೆಂಟ್ಸ್ ಹೆಚ್ಚು ಬಂದಿದ್ದರೆ ಆ ದಿನ ಕಡುಬು ಗಂಟಲಲ್ಲಿ ಇಳಿಯುವುದಿಲ್ಲ.

ನನಗೂ ಇಂಚಿನ ಲೆಕ್ಕ ಉಂಟು. ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಅಷ್ಟು ಕಾಗದದ ಮೇಲೆ ನಾನು ಚಿತ್ರ ಮಾಡುತ್ತೇನೆ. ಬಿಡಿಸುತ್ತೇನೆ ಎನ್ನಲು ಧೈರ್ಯ ಸಾಲದು. ಅದರಲ್ಲಿ ಅರ್ಧ ಒತ್ತಿದ್ದು, ಕಾಲು ಅಂಟಿಸಿದ್ದು, ಉಳಿದದ್ದು ನೀರು ತಾನಾಗಿ ಮಾಡಿದ್ದು.

ಒತ್ತುವ ಕೆಲಸ ನನಗೆ ಹೊಸದಲ್ಲ. ಒಂದು ಸರ್ಕಾರಿ ಕಚೇರಿಯ ಟಪಾಲು ಮೇಜಿನಲ್ಲಿ ಕೂತು ಮೂವತ್ತೊಂದು ವರ್ಷ ಠಸ್ಸೆ ಹೊಡೆದವಳು ನಾನು. ತಾರೀಕಿನ ಠಸ್ಸೆಯ ರಬ್ಬರ್ ಪಟ್ಟಿಯನ್ನು ಒಂದು ಹಲ್ಲು ಮುಂದೆ ತಿರುಗಿಸಿದ ಮೇಲೇ ಆ ಕಚೇರಿಗೆ ಬೆಳಗಾಗುತ್ತಿದ್ದದ್ದು. ಠಸ್ಸೆ ಹೊಡೆಯುವುದಕ್ಕೂ ಒಂದು ಹದ ಇದೆ. ಪ್ಯಾಡಿಗೆ ಎರಡು ಸಲ ಮೆಲ್ಲಗೆ ತಟ್ಟಬೇಕು, ಕಾಗದದ ಮೇಲೆ ನೆಟ್ಟಗೆ ಇಳಿಸಬೇಕು, ಅಲುಗಿಸದೆ ನೆಟ್ಟಗೆ ಎತ್ತಬೇಕು. ಹೊಸಬರು ಗುದ್ದುತ್ತಾರೆ, ಗುದ್ದಿದ ಮೇಲೆ ತೊಟ್ಟಿಲಿನ ಹಾಗೆ ಹಿಂದೆ ಮುಂದೆ ತೂಗುತ್ತಾರೆ. ಠಸ್ಸೆಯ ಅಂಚು ಮೂಡಿ ಅಕ್ಷರ ಕಲಸಿಹೋಗುತ್ತದೆ. ನಿವೃತ್ತಿಯ ದಿನ ಠಸ್ಸೆಗಳನ್ನೆಲ್ಲ ಎಣಿಸಿ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸಹಿ ಪಡೆದು ಬಂದೆ. ಕೈಯ ಅಭ್ಯಾಸವನ್ನು ಯಾರೂ ಪಟ್ಟಿಯಲ್ಲಿ ಸೇರಿಸಿರಲಿಲ್ಲ.

ನಿಜ ಹೇಳಬೇಕೆಂದರೆ ಅಭ್ಯಾಸ ಕಚೇರಿಗಿಂತ ಹಳೆಯದು. ಶಾಲೆಗೆ ನಡೆದು ಹೋಗುವ ದಾರಿಯ ದರೆಯಲ್ಲಿ ಒಂದು ಜಾತಿಯ ಜರಿಗಿಡ ಬೆಳೆಯುತ್ತಿತ್ತು, ಎಲೆಯ ಅಡಿಯಲ್ಲಿ ಸುಣ್ಣದಂಥ ಬಿಳಿ ಪುಡಿ. ಅದನ್ನು ಕಿತ್ತು ಮುಂಗೈ ಮೇಲಿಟ್ಟು ಪಟ್ಟನೆ ಹೊಡೆದರೆ ಇಡೀ ಎಲೆ, ಅದರ ಒಂದೊಂದು ಹಲ್ಲಿನ ಸಮೇತ, ಬೆಳ್ಳಗೆ ಚರ್ಮದ ಮೇಲೆ ಕೂರುತ್ತಿತ್ತು. ಕೊಡಗಿನಲ್ಲಿ ಬೆಳೆದ ಯಾವ ಮಗುವೂ ಇದನ್ನು ಮಾಡದೆ ದೊಡ್ಡದಾಗಿರಲಿಕ್ಕಿಲ್ಲ. ಈಗಲೂ ತೋಟದಲ್ಲಿ ಕಂಡರೆ ನಾನು ಸುತ್ತಮುತ್ತ ಯಾರಿದ್ದಾರೆಂದು ನೋಡಿಕೊಂಡು ಒಂದು ಹೊಡೆದುಕೊಳ್ಳುತ್ತೇನೆ.

ಪೆನ್ಸಿಲು ಬಂದದ್ದು ಮೊಮ್ಮಗಳಿಂದ. ಬೇಸಿಗೆ ರಜೆ ಮುಗಿಸಿ ಬೆಂಗಳೂರಿಗೆ ಹೋಗುವಾಗ ಒಂದು ಡಬ್ಬಿ ಬಣ್ಣದ ಪೆನ್ಸಿಲು ಬಿಟ್ಟು ಹೋಗಿದ್ದಳು. ಜೂನ್ ತಿಂಗಳಲ್ಲಿ ಒಂದು ದಿನ ಅಂಗಡಿ ಪಟ್ಟಿ ಬರೆಯಲು ಪೆನ್ನು ಸಿಗದೆ ಅದರಿಂದ ಹಸಿರು ಪೆನ್ಸಿಲು ಎಳೆದುಕೊಂಡೆ. ಬರೆದು ಮೇಜಿನ ಮೇಲಿಟ್ಟಿದ್ದೆ, ಹಂಚಿನ ಸಂದಿಯಿಂದ ಒಂದು ಹನಿ ನೇರ ಉದ್ದಿನಬೇಳೆಯ ಮೇಲೆ ಬಿತ್ತು. ಉದ್ದಿನಬೇಳೆ ಕರಗಿ, ಹಸಿರಾಗಿ, ಕೆಸುವಿನ ಎಲೆಯ ಆಕಾರಕ್ಕೆ ಹರಡಿ ನಿಂತಿತು. ಪೆನ್ಸಿಲು ಹಾಳಾಗಿದೆ ಎಂದುಕೊಂಡು ಮೊಮ್ಮಗಳಿಗೆ ಫೋನ್ ಮಾಡಿದರೆ, "ಅಜ್ಜಿ, ಅದು ವಾಟರ್‌ಕಲರ್ ಪೆನ್ಸಿಲ್. ನೀರು ಹಾಕ್ಬೇಕು ಅಂತಾನೇ ಇರೋದು" ಎಂದಳು. ಸಾಮಾನ್ಯ ಬಣ್ಣದ ಪೆನ್ಸಿಲಿನಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವುದು ಮೇಣ, ಎಣ್ಣೆ, ನೀರು ಜಾರಿಹೋಗುತ್ತದೆ. ಇದರಲ್ಲಿ ಇರುವುದು ನೀರಿಗೆ ಕರಗುವ ಅಂಟು. ಅಂಗಡಿಯಲ್ಲಿ ಉದ್ದಿನಬೇಳೆ ಮರೆತು ಬಂದೆ, ಪಟ್ಟಿಯನ್ನು ಮಾತ್ರ ಇನ್ನೂ ಇಟ್ಟುಕೊಂಡಿದ್ದೇನೆ.

ಈ ಜಾತಿಯ ಪೆನ್ಸಿಲನ್ನು ಮೊದಲು ಮಾಡಿದ್ದು ಜಿನೀವಾದ ಕರಾನ್ ದಾಶ್ ಕಾರ್ಖಾನೆ, 1931ರಲ್ಲಿ. ಕಾರ್ಖಾನೆಗೆ ಆ ಹೆಸರು ಬಂದದ್ದು ಒಬ್ಬ ಫ್ರೆಂಚ್ ವ್ಯಂಗ್ಯಚಿತ್ರಕಾರನಿಂದ. ಮಾಸ್ಕೋದಲ್ಲಿ ಹುಟ್ಟಿದ ಆತ, ರಷ್ಯನ್ನರು ಪೆನ್ಸಿಲಿಗೆ ಹೇಳುವ 'ಕರಂದಾಶ್' ಎಂಬ ಮಾತನ್ನೇ ತನ್ನ ಅಂಕಿತ ಮಾಡಿಕೊಂಡಿದ್ದ. ರಷ್ಯನ್ನರಿಗೆ ಆ ಮಾತು ತುರ್ಕಿ ಕಡೆಯ ಭಾಷೆಗಳಿಂದ ಬಂದದ್ದಂತೆ: ಕರ ಎಂದರೆ ಕಪ್ಪು, ತಾಶ್ ಎಂದರೆ ಕಲ್ಲು. ಕರ ಎಂದರೆ ಕಪ್ಪು! ಅದಕ್ಕೂ ನಮ್ಮ 'ಕರಿ'ಗೂ ಸಂಬಂಧ ಹಚ್ಚಿದರೆ ಭಾಷಾಪಂಡಿತರು ಬೈದಾರು. ಬೈಯಲಿ. ನಾನಂತೂ ಆ ಪೆನ್ಸಿಲನ್ನು ತಾಯಿ ಕಡೆಯ ನೆಂಟನೆಂದೇ ಎಣಿಸಿದ್ದೇನೆ. ಜಿನೀವಾದ ಪೆನ್ಸಿಲು ಕೊಳ್ಳುವ ಶಕ್ತಿ ನನ್ನ ಪಿಂಚಣಿಗಿಲ್ಲ, ಅದು ಬೇರೆ ಮಾತು.

ಅಳತೆಯೂ ಜಿನೀವಾ ಇರುವ ಸ್ವಿಟ್ಜರ್ಲೆಂಡಿನದ್ದೇ. 1997ರಲ್ಲಿ ಜ್ಯೂರಿಕ್ ನಗರದಲ್ಲಿ ಸ್ಟಿರ್ನೆಮಾನ್ ಎಂಬ ಕಲಾವಿದ ತಾನೇ ಕೈಯಿಂದ ಮಾಡಿದ ಪುಟ್ಟ ಪುಟ್ಟ ಕಾರ್ಡುಗಳ ಪ್ರದರ್ಶನ ಇಟ್ಟ. ನೋಡಲು ಬಂದವರಿಗೆ ಹೇಳಿದ್ದು ಇಷ್ಟು: ನಿಮಗೂ ಬೇಕಾದರೆ ಇದೇ ಅಳತೆಯಲ್ಲಿ ನೀವೂ ಒಂದು ಮಾಡಿ ತನ್ನಿ, ಬದಲಾಯಿಸಿಕೊಳ್ಳೋಣ. ಮಾರುವ ಹಾಗಿಲ್ಲ, ವಿನಿಮಯ ಮಾತ್ರ. ಹಿಂಬದಿಯಲ್ಲಿ ಮಾಡಿದವರ ಹೆಸರು, ತಾರೀಕು ಇರಬೇಕು. ನಿಯಮವೆಂದರೆ ಇಷ್ಟೇ. ದುಡ್ಡಿಲ್ಲದ ವ್ಯವಹಾರ ಎಂದು ಕೇಳಿದಾಗ ಇವರ ಹುಬ್ಬು ಮೇಲೆ ಹೋಯಿತು. ಎರಡೂವರೆಗೆ ಮೂರೂವರೆ ಎಂದರೆ ಇವರ ಇಸ್ಪೀಟ್ ಎಲೆಯ ಅಳತೆ ಎಂದು ತಿಳಿದ ಮೇಲೆ ಹುಬ್ಬು ಕೆಳಗಿಳಿದು ಕಣ್ಣು ಕೆಂಪಾಯಿತು, ಏಕೆಂದರೆ ಅಷ್ಟರಲ್ಲಿ ನಾನು ಒಂದು ಹಳೆಯ ಪ್ಯಾಕಿನ ಎಲೆಗಳಿಗೆಲ್ಲ ಡ್ರಾಯಿಂಗ್ ಹಾಳೆ ಅಂಟಿಸಿ ಮುಗಿಸಿದ್ದೆ. ಹೊಸ ಪ್ಯಾಕು ಈಗ ಬೀರುವಿನಲ್ಲಿ ಪಟ್ಟೆಪತ್ರಗಳ ಜೊತೆ ಇರುತ್ತದೆ.

ಸಣ್ಣ ಅಳತೆಯ ದೊಡ್ಡ ಅನುಕೂಲ ಹೆದರಿಕೆ ಇಲ್ಲದಿರುವುದು. ಒಂದು ದೊಡ್ಡ ಬಿಳಿ ಹಾಳೆ ಎದುರಿಗೆ ಹರಡಿದರೆ ನನಗೆ ಆಡಿಟ್‌ನವರು ಎದುರಿಗೆ ಕೂತ ಹಾಗಾಗುತ್ತದೆ. ಎ4 ಹಾಳೆಯಲ್ಲಿ ಇಂಥ ಒಂಬತ್ತು ಕಾರ್ಡು ಏಳುತ್ತವೆ. ಒಂದು ಕೆಟ್ಟರೆ ಎಂಟು ಉಂಟು. ಎಂಟೂ ಕೆಟ್ಟ ದಿನವೂ ಇದೆ, ಅದನ್ನು ಯಾಕೆ ಬರೆಯಲಿ.

ಒಂದನ್ನು ಮಾತ್ರ ಬರೆಯುತ್ತೇನೆ. ಹುಮ್ಮಸ್ಸಿನಲ್ಲಿ ಒಂದು ಅಳಿಸುವ ರಬ್ಬರಿನ ಮೇಲೆ ಬ್ಲೇಡಿನಿಂದ 'ಮಳೆ' ಎಂದು ಕೊರೆದೆ. ಎರಡು ಗಂಟೆಯ ಕೆಲಸ, ಳಕಾರದ ಸುರುಳಿಯಲ್ಲಿ ಹೆಬ್ಬೆರಳೂ ಸ್ವಲ್ಪ ಕೊಯ್ದುಕೊಂಡಿತು. ಒತ್ತಿ ನೋಡಿದರೆ ಳೆಕಾರ ಮುಂದೆ, ಮಕಾರ ಹಿಂದೆ, ಎರಡೂ ನನಗೆ ಬೆನ್ನು ತಿರುಗಿಸಿಕೊಂಡು ನಿಂತಿವೆ. ಇವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಮಲಯಾಳವೋ?" ಎಂದರು. ಮೂವತ್ತೊಂದು ವರ್ಷ ತಿರುಗುಮುರುಗು ಅಕ್ಷರಗಳನ್ನೇ ಕೈಯಲ್ಲಿ ಹಿಡಿದವಳಿಗೆ ಇದು ಮೊದಲೇ ಹೊಳೆಯಬಾರದಿತ್ತೆ? ಈಗ ಉಪಾಯ ಕಲಿತಿದ್ದೇನೆ: ಮೆದು ಪೆನ್ಸಿಲಿನಲ್ಲಿ ತೆಳು ಕಾಗದದ ಮೇಲೆ ನೆಟ್ಟಗೆ ಬರೆದು, ಅದನ್ನು ರಬ್ಬರಿನ ಮೇಲೆ ಕವುಚಿ ಉಗುರಿನಿಂದ ಉಜ್ಜಿದರೆ ಕನ್ನಡಿಯಕ್ಷರ ತಾನಾಗಿ ಇಳಿಯುತ್ತದೆ. ಆ ಹಳೆಯ 'ಮಳೆ'ಯನ್ನು ಎಸೆದಿಲ್ಲ. ಬಿಸಿಲಿದ್ದ ದಿನ ಒತ್ತುತ್ತೇನೆ.

ಶಾಯಿಯಲ್ಲೂ ಎಡವಿದೆ. ಕಚೇರಿಯ ಪ್ಯಾಡಿನ ಆ ನೇರಳೆ ಬಣ್ಣದ ಮೇಲೆ ನನಗೆ ಮೋಹ. ಅದೇ ಶಾಯಿಯಲ್ಲಿ ಒಂದು ಮರ ಒತ್ತಿ, ಎಲೆಗಳಿಗೆ ಹಸಿರು ಪೆನ್ಸಿಲು ಹಚ್ಚಿ, ಒದ್ದೆ ಬ್ರಶ್ಶು ಆಡಿಸಿದೆ ನೋಡಿ, ಮರ ಕರಗಿತು, ಹಸಿರು ಕರಗಿತು, ಇಡೀ ಕಾರ್ಡು ಬಡಿಸಿಕೊಂಡ ಬೆನ್ನಿನ ಬಣ್ಣಕ್ಕೆ ಬಂತು. ಆ ಶಾಯಿ ಅರ್ಜಿಗಳ ಮೇಲೆ ಒಣಗಿ ಕೂರಲು ಲಾಯಕ್ಕು, ನೀರು ಕಂಡರೆ ನಿಲ್ಲುವುದಿಲ್ಲ. ಬಣ್ಣ ತುಂಬುವವರು ನೀರಿಗೆ ಬಿಡದ ಶಾಯಿಯನ್ನೇ ಕೊಳ್ಳಬೇಕು, ಒತ್ತಿದ ಮೇಲೆ ಪೂರ್ತಿ ಒಣಗಲು ಬಿಡಬೇಕು. ನಮ್ಮಲ್ಲಿ ಜುಲೈ ತಿಂಗಳಿನಲ್ಲಿ ಪೂರ್ತಿ ಒಣಗುವುದು ಎಂಬ ಮಾತೇ ಇಲ್ಲ. ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಇವರ ಕಾಲುಚೀಲಗಳ ನಡುನಡುವೆ ನನ್ನ ಕಾರ್ಡುಗಳು ಕ್ಲಿಪ್ಪು ಕಚ್ಚಿಕೊಂಡು ತೂಗುತ್ತವೆ. ನನ್ನ ಕಾರ್ಡು ಪಡೆದವರು ಚಿತ್ರಕ್ಕಿಂತ ಮೊದಲು ಹೊಗೆಯ ವಾಸನೆಯ ಮಾತು ಎತ್ತುತ್ತಾರೆ.

ಸ್ಟಾಂಪು ಎಂದರೆ ಅಂಚೆಚೀಟಿಯೂ ಹೌದಲ್ಲ, ಅದನ್ನೂ ಬಿಟ್ಟಿಲ್ಲ. ಹಳೆಯ ಲಕೋಟೆಯ ಮೂಲೆ ಕತ್ತರಿಸಿ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ತೇಲಬಿಟ್ಟರೆ ಗೋಂದು ಕರಗಿ ಚೀಟಿ ತಾನಾಗಿ ಕಳಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಷ್ಟೂ ಬೇಕಿಲ್ಲ, ಇಲ್ಲಿಯ ಗಾಳಿಯೇ ಸಾಕು. ಪೆಟ್ಟಿಗೆಯಲ್ಲಿಟ್ಟ ಹೊಸ ಚೀಟಿಗಳು ಒಂದಕ್ಕೊಂದು ಅಂಟಿ ಸಂಸಾರ ಹೂಡಿರುತ್ತವೆ. ಸಿಕ್ಕಿದ ಚೀಟಿಗಳನ್ನೆಲ್ಲ ನಾನು ಲಗ್ನಪತ್ರಿಕೆಗಳ ಬಂಗಾರದ ಗಣಪತಿಯ ಜೊತೆ ಕಾರ್ಡಿಗೆ ಅಂಟಿಸುತ್ತೇನೆ. ಒಂದು ಸಿಕ್ಕಿದರೆ ಮಾತ್ರ ಕತ್ತರಿ, ಗೋಂದು ಯಾವುದನ್ನೂ ಮುಟ್ಟಿಸಲಾರೆ. ನಮ್ಮ ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ 1965ರ ಡಿಸೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಆ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿತು. ಅವರ ಮನೆ ಸನ್ನಿಸೈಡ್ ಮಡಿಕೇರಿಯಲ್ಲೇ ಇದೆ, ಈಗ ವಸ್ತುಸಂಗ್ರಹಾಲಯ. ಅದರ ಮುಂದೆ ಬಸ್ಸಿನಲ್ಲಿ ಹಾದುಹೋಗುವಾಗಲೆಲ್ಲ, ಎಲ್ಲೋ ಸಮುದ್ರದ ನಡುವಿನ ದ್ವೀಪದಲ್ಲಿ ಯಾವುದೋ ಅಂಚೆಯಣ್ಣ ನಮ್ಮೂರಿನವರ ಚಿತ್ರದ ಮೇಲೆ ಮೊಹರು ಹೊಡೆದಿದ್ದಾನಲ್ಲ, ಅವನು ಮೆಲ್ಲಗೆ ಹೊಡೆದಿರಬಹುದೇ, ಗುದ್ದಿರಬಹುದೇ ಎಂದು ಯೋಚಿಸುತ್ತೇನೆ. ಹಾಳು ಕಸುಬುಬುದ್ಧಿ.

ಪ್ಯಾಡಿನ ನೇರಳೆ ಕೈಕೊಟ್ಟರೂ ನೇರಳೆ ನನ್ನನ್ನು ಬಿಡಲಿಲ್ಲ. ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಕೊಡಗಿನ ಮನೆಮನೆಯಲ್ಲಿ ಮದ್ದುಸೊಪ್ಪು ಬೇಯುತ್ತದೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬುದು ನಂಬಿಕೆ. ಹಸಿರು ಸೊಪ್ಪು, ಕಡ್ಡಿ ಸಮೇತ ನೀರಿಗೆ ಹಾಕಿ ಕುದಿಸಿದರೆ ನೀರು ನೋಡನೋಡುತ್ತ ಕಡುನೇರಳೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿದರೆ ಪಾಯಸ. ಮರುದಿನ ಬೆಳಗ್ಗೆ ಬಚ್ಚಲಿನಲ್ಲಿ ಮೂತ್ರದ ಬಣ್ಣ ಕಂಡು ಹೊರಗಿನಿಂದ ಬಂದ ನೆಂಟರು ಗಾಬರಿಯಾಗುವುದೂ, ಮನೆಯವರು ಮೊದಲೇ ಹೇಳದೆ ಕಾದು ಕೂತು ನಗುವುದೂ ವರ್ಷವರ್ಷದ ಸಂಪ್ರದಾಯ. ಕಳೆದ ವರ್ಷ ಪಕ್ಕದ ಮನೆಯ ಅಕ್ಕ ಸೊಪ್ಪಿನ ಕಟ್ಟು ತಂದುಕೊಟ್ಟಿದ್ದರು. ಕುದಿಸಿ ಸೋಸುವಾಗ ಕೈ ತಡೆಯಲಿಲ್ಲ, ಒಂದು ಲೋಟ ತೆಗೆದಿಟ್ಟೆ. "ಪಾಯಸ ತೆಳ್ಳಗಾಗಿದೆಯಲ್ಲ" ಎಂದು ಇವರು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಪಾತ್ರೆಯಲ್ಲಿ ಕಂಡಷ್ಟು ಗಾಢ ಕಾಗದದ ಮೇಲೆ ಬರಲಿಲ್ಲ. ಆದರೂ ಕಾರ್ಡನ್ನು ಸ್ವಲ್ಪ ಓರೆ ಮಾಡಿದೊಡನೆ ಅದು ಬೆಟ್ಟದ ಮೇಲಿನ ಮೋಡದ ಹಾಗೆ ಎಡಗಡೆಯ ಅಂಚಿನವರೆಗೆ ತಾನೇ ನಡೆದು ಹೋಗಿ, ಅಲ್ಲಿ ಒಂದು ಕಪ್ಪು ಗೆರೆ ಕಟ್ಟಿಕೊಂಡು ನಿಂತಿತು. ಕೆಳಗೆ ಜರಿಯೆಲೆಗೆ ಬಿಳಿ ಬಣ್ಣ ಹಚ್ಚಿ ಒಂದು ಸಲ ಒತ್ತಿದೆ, ಪೆನ್ಸಿಲಿನ ತುದಿ ನೀರಿಗೆ ಅದ್ದಿ ಹಸಿರಿನ ನಾಲ್ಕು ಗೆರೆ ಎಳೆದೆ. ನಾನು ಮಾಡಿದ್ದರಲ್ಲಿ ಅದು ಚೆನ್ನಾಗಿತ್ತು. ಮೈಸೂರಿನ ಗೆಳತಿ ಬಂದಾಗ ತನ್ನದೊಂದು ಕೊಟ್ಟು ಅದನ್ನೇ ಆರಿಸಿ ಒಯ್ದಳು. ವಿನಿಮಯದ ನಿಯಮ, ಇಲ್ಲ ಎನ್ನುವ ಹಾಗಿಲ್ಲ.

ಕಾರ್ಡಿನ ಹಿಂದೆ ತಾರೀಕು ಬರೆಯುವಾಗ, ಇವರು ಫೋನಿನಲ್ಲಿ ಕೂಗಿ ಹೇಳುವುದು ಹೇಗೂ ಕಿವಿಗೆ ಬೀಳುತ್ತದಲ್ಲ ಎಂದು, ಆ ದಿನದ ಮಳೆಯನ್ನೂ ಬರೆದಿಡುತ್ತೇನೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಇವರು ಡೈರಿ ಹಿಡಿದುಕೊಂಡು ಮುಖ ಬಾಡಿಸಿಕೊಂಡು ಬಂದರು. ಅದೇ ಹಂಚಿನ ಸಂದಿ. ಆಗಸ್ಟಿನ ಮೊದಲ ವಾರದ ಪುಟಕ್ಕೆ ನೀರು ಬಿದ್ದು ಜೆಲ್ ಪೆನ್ನಿನ ಅಂಕಿಗಳೆಲ್ಲ ನೀಲಿ ಹೊಂಡವಾಗಿದ್ದವು. ಇಪ್ಪತ್ತಾರು ವರ್ಷದ ಲೆಕ್ಕದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ನಾನು ಮಾತಾಡದೆ ಬಿಸ್ಕತ್ತಿನ ಡಬ್ಬ ತಂದು ಕಾರ್ಡುಗಳನ್ನು ಒಂದೊಂದಾಗಿ ಕವುಚಿಟ್ಟೆ. ಒಂದನೇ ತಾರೀಕು ಇತ್ತು, ಎರಡು ಇತ್ತು, ನಾಲ್ಕರಿಂದ ಏಳರವರೆಗೂ ಇತ್ತು. ಇಸ್ಪೀಟ್ ಆಡುವಾಗಿನ ಶ್ರದ್ಧೆಯಿಂದ ಇವರು ಎಲ್ಲವನ್ನೂ ನಕಲು ಮಾಡಿಕೊಂಡರು.

"ಮೂರರದ್ದು?"

"ಮೈಸೂರಿನಲ್ಲಿದೆ."

ಗೆಳತಿಗೆ ಫೋನ್ ಮಾಡಿದೆ. ಹಿಂದೆ ಏನು ಬರೆದಿದೆ ನೋಡಿ ಹೇಳೇ ಎಂದರೆ, "ಅಯ್ಯೋ, ಹಿಂದೆ ಎಲ್ಲಿಂದ ನೋಡ್ಲೇ? ಫೆವಿಕಾಲ್ ಹಚ್ಚಿ ಆಲ್ಬಮ್ಮಿಗೆ ಅಂಟಿಸಿಬಿಟ್ಟಿದ್ದೀನಿ" ಎಂದಳು. ಬೇಕಾದರೆ ಮುಂಬದಿಯ ಫೋಟೋ ಕಳಿಸುತ್ತೇನೆ ಎಂದು ವಾಟ್ಸಾಪ್ ಮಾಡಿದಳು. ಇವರು ಕನ್ನಡಕ ಒರೆಸಿ, ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ, ನೇರಳೆ ಎಲ್ಲಿಂದ ಹೊರಟಿದೆ, ಎಲ್ಲಿಗೆ ಹೋಗಿ ನಿಂತಿದೆ ಎಂದು ಅಳತೆಪಾತ್ರೆ ಹಿಡಿದಂತೆ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು.

"ಮೂರು ಇಂಚಿಗೆ ಕಡಿಮೆ ಇಲ್ಲ" ಎಂದರು.

ಅಂದಾಜಿನ ಲೆಕ್ಕ ಪೆನ್ನಿನಲ್ಲಿ ಬರೆಯಬಾರದೆಂದು ನನ್ನ ಡಬ್ಬಿಯಿಂದ ಒಂದು ನೀಲಿ ಪೆನ್ಸಿಲು ತೆಗೆದು ಡೈರಿಯಲ್ಲಿ ದಪ್ಪವಾಗಿ ಬರೆದುಕೊಂಡು ಹೋದರು. ಅದು ಎಂಥ ಪೆನ್ಸಿಲೆಂದು ನಾನು ಹೇಳಲು ಹೋಗಲಿಲ್ಲ.