ತಳದ ಟ್ರೇ

ಮನೆಗೆ ಹೊಸದಾಗಿ ಬಂದ ನಾಯಿಮರಿಯನ್ನು ಕ್ರೇಟಿಗೆ, ಅಂದರೆ ಅದು ಮಲಗುವ ಬಾಗಿಲಿರುವ ತಂತಿಯ ಪೆಟ್ಟಿಗೆಗೆ, ರೂಢಿ ಮಾಡಿಸಲು ತಾಳ್ಮೆ ಬೇಕು, ಪ್ರೀತಿ ಬೇಕು, ನಂಬಿಕೆ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಇರಲಿ. ಆದರೆ ಮರಿ ಒಳಗೆ ಕಾಲಿಟ್ಟ ಕೂಡಲೇ ತಳದ ಟ್ರೇ ‘ಢಣಾರ್’ ಎನ್ನುತ್ತದಲ್ಲ, ಅದರ ಬಗ್ಗೆ ಯಾರೂ ತುಟಿ ಬಿಚ್ಚುವುದಿಲ್ಲ.

ತೊಳೆಯಲು ಎಳೆದು ತೆಗೆಯಬೇಕಲ್ಲ, ಹಾಗಾಗಿ ಟ್ರೇ ಸಡಿಲವಾಗಿಯೇ ಇರುತ್ತದೆ. ಕೆಳಗೆ ಅಡ್ಡಡ್ಡ ತಂತಿಗಳು. ಅವುಗಳ ಮೇಲೆ ಕೂತ ಟ್ರೇಯ ಒಂದು ಅಂಚನ್ನು ಮರಿ ತುಳಿದರೆ ಇನ್ನೊಂದು ಅಂಚು ಎದ್ದು ಸರಳಿಗೆ ಬಡಿಯುತ್ತದೆ. ಮರಿ ಬೆದರಿ ಹಿಂದಕ್ಕೆ ನೆಗೆಯುತ್ತದೆ. ನೆಗೆಯುವಾಗ ತೂಗಾಡುತ್ತಿದ್ದ ಬಾಗಿಲು ಸೊಂಟಕ್ಕೆ ತಾಗುತ್ತದೆ. ಅಲ್ಲಿಗೆ ಮುಗಿಯಿತು. ಆಮೇಲೆ ಹಿಂಗಾಲು ಎರಡನ್ನೂ ಹೊಸ್ತಿಲಾಚೆಯೇ ಊರಿಕೊಂಡು, ಮೈಯನ್ನು ರಬ್ಬರಿನಂತೆ ಎಳೆದು, ಒಳಗಿಟ್ಟ ತಿಂಡಿಯ ಚೂರನ್ನು ತುದಿನಾಲಿಗೆಯಲ್ಲಿ ಕದ್ದು ಓಡುತ್ತದೆ. ಮನೆಯವರು ‘ಎಂಥಾ ಹಠಮಾರಿ’ ಎನ್ನುತ್ತಾರೆ. ಹಠವೂ ಅಲ್ಲ, ಮಣ್ಣೂ ಅಲ್ಲ. ಟ್ರೇ!

ಹಳೆಯ ಟವೆಲೊಂದನ್ನು ಮಡಿಸಿ ಟ್ರೇಗೂ ತಂತಿಗೂ ನಡುವೆ ತೂರಿಸಿ. ಟ್ರೇ ಮೇಲೆ ಜಾರದ ಹಾಸು ಹಾಕಿ. ನಾಲ್ಕು ಮೂಲೆಯನ್ನೂ ಅಂಗೈಯಲ್ಲಿ ಒತ್ತಿ ನೋಡಿ. ಎಲ್ಲಾದರೂ ಟಕ್ ಎಂದರೆ ಅಲ್ಲಿಗೆ ಇನ್ನೊಂದು ಮಡಿಕೆ. ಬಾಗಿಲನ್ನು ಪೂರ್ತಿ ತೆರೆದು ದಾರದಿಂದ ಪಕ್ಕದ ಸರಳಿಗೆ ಕಟ್ಟಿಬಿಡಿ. ಚಿಲಕದ ಸದ್ದಿಗೂ ಪ್ರತ್ಯೇಕ ಪಾಠ ಬೇಕು: ಮರಿ ಹೊರಗೇ ಇರುವಾಗ ಒಮ್ಮೆ ಚಿಲಕ ಸರಿಸಿ, ತಕ್ಷಣ ತಿಂಡಿ ಕೊಡಿ. ಸದ್ದು ಕೇಳಿ ಬೆಚ್ಚುವ ಬದಲು ತಿಂಡಿ ಎಲ್ಲಿ ಎಂದು ಕೈ ನೋಡತೊಡಗಿದರೆ ಅರ್ಧ ಕೆಲಸ ಆದ ಹಾಗೆ.

ಇನ್ನರ್ಧ ಊಟದ ಬಟ್ಟಲಿನದು. ಮೊದಲು ಹೊಸ್ತಿಲಲ್ಲಿ, ಮರಿ ಹಿಂಜರಿಯದಿದ್ದರೆ ನಡುವೆ, ಕೊನೆಗೆ ಹಿಂಗೋಡೆಗೆ. ತಿನ್ನುವಾಗ ಬಾಗಿಲು ಮುಚ್ಚಿ, ಬಟ್ಟಲು ಖಾಲಿಯಾಗುವ ಮೊದಲೇ ತೆರೆಯಿರಿ. ಆಮೇಲಾಮೇಲೆ ಬಟ್ಟಲು ಖಾಲಿಯಾದ ಮೇಲೂ ಹತ್ತು ಸೆಕೆಂಡು ಮುಚ್ಚಿಡಿ, ಅರ್ಧ ನಿಮಿಷ, ಹೀಗೆ. ಇಲ್ಲಿ ಅವಸರ ಮಾಡಿದವರು ಮತ್ತೆ ಹೊಸ್ತಿಲಿಗೇ ಬರಬೇಕಾಗುತ್ತದೆ.

ಅಳತೆಯ ವಿಷಯದಲ್ಲಿ ಉದಾರತೆ ಬೇಡ. ತಲೆ ತಗ್ಗಿಸದೆ ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಆದರೆ ಸಾಕು. ‘ಪಾಪ, ಆರಾಮಾಗಿರಲಿ’ ಎಂದು ದೊಡ್ಡದು ತಂದರೆ ಮರಿ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ. ಬೆಳೆದ ಮೇಲಿನ ಅಳತೆಗೇ ಕೊಳ್ಳುವುದಾದರೆ ನಡುವೆ ಅಡ್ಡಫಲಕ ಇಟ್ಟು, ಮರಿ ಬೆಳೆದಂತೆ ಹಿಂದೆ ಸರಿಸುತ್ತಾ ಹೋಗಿ. ಹೊಯ್ದಿದ್ದನ್ನು ಅಮೋನಿಯ ಇರುವ ದ್ರಾವಣದಿಂದ ಒರೆಸಲೇಬೇಡಿ, ಅದೂ ಉಚ್ಚೆಯ ವಾಸನೆಯೇ. ಕಿಣ್ವ ಇರುವ ಕ್ಲೀನರ್ ತನ್ನಿ. ಇನ್ನು ಬೋನಿನಲ್ಲೇ ಹುಟ್ಟಿ ಬೆಳೆದು, ತನ್ನ ಹೊಲಸಿನಲ್ಲೇ ಮಲಗಬೇಕಾಗಿ ಬಂದಿದ್ದ ಮರಿಗೆ ಮಲಗುವ ಜಾಗ ಗಲೀಜು ಮಾಡಬಾರದೆಂಬ ಸಹಜ ಹೇಸಿಗೆಯೇ ಹೊರಟುಹೋಗಿರಬಹುದು. ಅದನ್ನು ಬೈದು ಪ್ರಯೋಜನವಿಲ್ಲ. ಹೆಚ್ಚು ಸಲ ಹೊರಗೆ ಕರೆದೊಯ್ಯಬೇಕು, ಅಷ್ಟೆ.

‘ಅತ್ತರೆ ಅಳಲಿ ಬಿಡಿ, ತಾನೇ ಸುಮ್ಮನಾಗುತ್ತೆ’ ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಎರಡು ತಿಂಗಳ ಮರಿಯ ಮೂತ್ರಕೋಶಕ್ಕೆ ಇವರ ಉಪದೇಶ ಕೇಳಿಸುತ್ತದೆಯೇ? ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದಷ್ಟು ಗಂಟೆ ಎಂಬ ರೂಢಿಯ ಲೆಕ್ಕ ಇದೆ: ಎರಡು ತಿಂಗಳಿಗೆ ಮೂರು ಗಂಟೆ. ಅದು ಕಟ್ಟಕಡೆಯ ಗಡಿ, ದಿನಾ ಮುಟ್ಟಬೇಕಾದ ಗುರಿಯಲ್ಲ. ಕ್ರೇಟು ರಾತ್ರಿ ಹಾಸಿಗೆಯ ಪಕ್ಕದಲ್ಲೇ ಇರಲಿ. ನಿದ್ದೆಯಿಂದೆದ್ದು ಸುತ್ತು ಹಾಕುತ್ತಾ ಕುಂಯ್‌ಗುಟ್ಟಿದರೆ ಕೊರಳಿಗೆ ಬೆಲ್ಟ್ ಹಾಕಿ, ಹಗ್ಗ ಸಿಕ್ಕಿಸಿ ಹೊರಗೆ ಒಯ್ಯಿರಿ. ಆಟವಿಲ್ಲ, ಹರಟೆಯಿಲ್ಲ, ಕೆಲಸ ಮುಗಿದ ಕೂಡಲೇ ವಾಪಸ್ಸು. ಈಗಷ್ಟೇ ಹೊರಗೆ ಹೋಗಿ ಬಂದು ಗೊಣಗುತ್ತಿದ್ದರೆ ಬೆರಳನ್ನು ಸರಳಿನ ಹತ್ತಿರ ಇಟ್ಟುಕೊಂಡು ಕೂತರೆ ಸಾಕು. ಆದರೆ ಜೊಲ್ಲು ಸುರಿಸುತ್ತಾ, ಒಸಡು ಹರಿಯುವ ಹಾಗೆ ಸರಳು ಕಚ್ಚುತ್ತಿದ್ದರೆ ಅದು ದಿಗಿಲು. ಬಾಗಿಲು ತೆಗೆಯಿರಿ. ಮೊದಲಿನಿಂದ ಶುರುಮಾಡಿ, ಅಥವಾ ಕ್ರೇಟಿನ ಆಸೆಯನ್ನೇ ಬಿಡಿ. ಎಲ್ಲ ನಾಯಿಗೂ ಅದು ಒಗ್ಗಲೇಬೇಕೆಂದೇನೂ ಇಲ್ಲ.

ಇದು ಸೆರೆಯೋ, ಗೂಡೋ ಎಂಬ ದೊಡ್ಡ ಪ್ರಶ್ನೆಗೆ ಇಲ್ಲಿ ಉತ್ತರ ಹೇಳುವುದೆಂದಿತ್ತು. ಟ್ರೇ ದೆಸೆಯಿಂದ ಅದಕ್ಕೆ ಜಾಗ ಉಳಿದಿಲ್ಲ. ಉಳಿದ ಜಾಗಕ್ಕೆ ಅದಕ್ಕಿಂತ ಮುಖ್ಯವಾದದ್ದೊಂದಿದೆ: ಒಳಗೆ ಬಿಡುವ ಮೊದಲು ಕೊರಳಿನ ಬೆಲ್ಟ್ ಬಿಚ್ಚಿಡಿ. ಅದರ ಬಿಲ್ಲೆ ತಂತಿಗೆ ಸಿಕ್ಕಿಕೊಂಡರೆ ಮರಿ ಎಳೆದಷ್ಟೂ ಕುತ್ತಿಗೆ ಬಿಗಿಯುತ್ತದೆ.